ಬಟ್ಟೆ ಕಟ್ಟಿದ ಗಂಟೆ

ಶಿಷ್ಯ ತನ್ನ ಹರಿದ ಜೋಳಿಗೆಯನ್ನು ತಂದು ಗುರುಗಳ ಮುಂದೆ ಹರವಿದ.

"ನೋಡ್ರಿ ಅಜ್ಜಾರ. ಆ ಭೀಮಶಿ ನಾಯಿ ಮಾಡಿದ ಕೆಲಸ."

ಅಜ್ಜಾರು ಅದನ್ನು ಎತ್ತಿ ಬೆಳಕಿಗೆ ಹಿಡಿದರು. ಅಂಗೈ ಅಗಲದ ತೂತು. ತೂತಿನಾಚೆ ಹೊಳೆ ಕಾಣುತ್ತಿತ್ತು.

"ಹರಿದಾಗ ಇದರಾಗ ಏನಿತ್ತು?"

"ಏನೂ ಇರಲಿಲ್ರಿ. ಭಿಕ್ಷೆಕ್ಕ ಹೊಂಟಿದ್ದೆ. ಖಾಲಿ ಜೋಳಿಗಿ."

"ಖಾಲಿ ಜೋಳಿಗಿಗೆ ಯಾಕ ಬಾಯಿ ಹಾಕ್ತು?"

"ನಾಯಿಗೆ ಯಾಕ ಏನ ಅಂತ ಇರತೈತೇನ್ರಿ?"

"ಇರತೈತಿ. ನಮಗ ಗೊತ್ತಿಲ್ಲ, ಅಷ್ಟ. ಗೊತ್ತು ಮಾಡ್ಕೊಂಡು ಬಾ."

ಶಿಷ್ಯನಿಗೆ ಸಿಟ್ಟು ಬಂತು. ಅವನು ನ್ಯಾಯ ಕೇಳಲು ಬಂದಿದ್ದ. ಗುರುಗಳು ಶಾಲೆಯ ಮಾಸ್ತರರ ಹಾಗೆ ಮನೆಪಾಠ ಕೊಟ್ಟು ಕಳಿಸುತ್ತಿದ್ದರು.

ಶಿಷ್ಯನ ಹೆಸರು ಸೋಮಲಿಂಗ. ವಯಸ್ಸು ಮೂವತ್ತನಾಲ್ಕು. ಹನ್ನೊಂದು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಕುಡಿದು ಬಂದವರನ್ನು ರಟ್ಟೆ ಹಿಡಿದು ಇಳಿಸಿದ್ದ, ಟಾಪ್ ಹತ್ತಿ ಕುಳಿತವರನ್ನು ಬೈದು ಕೆಳಗೆ ತಂದಿದ್ದ. ಒಂದು ದಿನ ಸೀಟಿ ಊದಿ ಊದಿ ಬೇಸರ ಬಂದು, ಹೊಳೆದಂಡೆಯ ಈ ಆಶ್ರಮಕ್ಕೆ ಬಂದು ಕುಳಿತ. ಎರಡು ಕಾಲಿನವರಿಗೆ ಯಾರಿಗೂ ಅಂಜಿದವನಲ್ಲ. ನಾಲ್ಕು ಕಾಲು ಕಂಡರೆ ಮಾತ್ರ ಹಾದಿ ಬಿಟ್ಟು ಸರಿಯುತ್ತಿದ್ದ.

ಗುರುಗಳು ಚರಂತಯ್ಯನವರು. ಸುತ್ತಲಿನ ಜನಕ್ಕೆಲ್ಲ ಅವರು ಅಜ್ಜಾರು.

ಆ ಆಶ್ರಮದಲ್ಲಿ ಒಲೆ ಹಚ್ಚುವ ಪದ್ಧತಿ ಇಲ್ಲ. ದಿನಾ ಬೆಳಿಗ್ಗೆ ಶಿಷ್ಯ ಐದು ಮನೆಗೆ ಭಿಕ್ಷೆಗೆ ಹೋಗಬೇಕು. ಹೋಗುವಾಗಲೂ ಬರುವಾಗಲೂ ಬಾಯಿ ತೆರೆಯಬಾರದು. ಕರೆಯಬಾರದು, ಕೇಳಬಾರದು, ಬೈಯಬಾರದು. ಕೈಯಲ್ಲಿ ಒಂದು ಹಿತ್ತಾಳೆ ಗಂಟೆ. ದಾರಿಯುದ್ದಕ್ಕೂ ಅದು ಕೇಳಿಸುತ್ತಿರಬೇಕು. ಕೇಳಿ ಬಾಗಿಲಿಗೆ ಬಂದವರು ಏನು ಕೊಟ್ಟರೆ ಅದೇ ಭಿಕ್ಷೆ.

ಐದರಲ್ಲಿ ಮೊದಲನೆಯ ಮನೆ ಬಾಳವ್ವನದು. ಒಂಟಿ ಹೆಂಗಸು, ಐವತ್ತು ದಾಟಿದೆ, ಕೈಮಗ್ಗದಲ್ಲಿ ಕುಬಸದ ಖಣ ನೇಯುತ್ತಾಳೆ. ಬೆಳಿಗ್ಗೆ ಎಳ್ಳು ಒತ್ತಿದ ಸಜ್ಜೆ ರೊಟ್ಟಿ ಮಾಡಿಟ್ಟು, ಮಗ್ಗದಲ್ಲಿ ಕುಳಿತು ಗಂಟೆಗೆ ಕಾಯುತ್ತಾಳೆ. ಜೋಳಿಗೆಗೆ ಒಂದು ರೊಟ್ಟಿ ಬಿದ್ದ ಮೇಲೆಯೇ ಅವಳ ಊಟ. ಮದುವೆಯಾಗಿ ಆ ಮನೆಗೆ ಬಂದಾಗಿನಿಂದ ನಡೆಸಿಕೊಂಡು ಬಂದ ನೇಮ.

ಸೋಮಲಿಂಗನಿಗೆ ಇದು ಗೊತ್ತಿರಲಿಲ್ಲ ಅನ್ನುವಂತಿಲ್ಲ. ಮೊದಲ ದಿನವೇ ಅವಳು ಹೇಳಿದ್ದಳು: "ನೀವು ಬಂದ್ರ ನನ್ನ ಊಟ, ಸ್ವಾಮ್ಯಾರ. ಹೊತ್ತು ಮಾಡಬ್ಯಾಡ್ರಿ."

ಅವಳ ಮನೆಗಿಂತ ಮೊದಲು, ಹಾದಿಯ ತಿರುವಿನಲ್ಲಿ, ಭೀಮಶಿಯ ಹೊಲದ ಮನೆ. ಅಲ್ಲಿ ಪೈಲ್ವಾನ. ಪೈಲ್ವಾನ ಅಂದರೆ ಭೀಮಶಿ ಅಲ್ಲ, ಅವನ ನಾಯಿ. ಕಂದು ಬಣ್ಣ, ಅಗಲ ಎದೆ, ಕೊರಳಿಗೆ ಹಗ್ಗ ಅನ್ನುವುದು ಹುಟ್ಟಿದಾಗಿನಿಂದ ಬಿದ್ದಿಲ್ಲ.

ಮಧ್ಯಾಹ್ನ ಸೋಮಲಿಂಗ ಭೀಮಶಿಯ ಹತ್ತಿರ ಹೋದ. ಅವನು ಅಂಗಳದಲ್ಲಿ ಉಳ್ಳಾಗಡ್ಡಿ ಆರಿಸುತ್ತಿದ್ದ. ನಾಯಿ ಹುಲ್ಲಿನ ಬಣವೆಯ ನೆರಳಲ್ಲಿ ಮಲಗಿತ್ತು.

"ಭೀಮಶಿ ಅಣ್ಣಾ, ನಿನ್ನ ನಾಯಿ ಕಟ್ಟಿ ಹಾಕು. ನನ್ನ ಜೋಳಿಗಿ ಹರದೈತಿ."

"ಹೌದಾ? ಛೇ ಛೇ. ಅದು ಏನೂ ಮಾಡಂಗಿಲ್ರಿ."

ನಾಯಿ ಸಾಕಿದವರೆಲ್ಲ ಹೇಳುವ ಮಾತು ಇದೊಂದೇ. ನಮ್ಮ ಮೀನಖಂಡ ಅದರ ಬಾಯಲ್ಲಿ ಇದ್ದರೂ ಇದನ್ನೇ ಹೇಳುತ್ತಾರೆ.

"ಹೋದ ತಿಂಗಳು ಹಾಲಿನವನ ಸೈಕಲ್ ಕೆಡವಿತ್ತಲ್ಲ?"

"ಅದು ಆಟ ಆಡತಿತ್ರಿ."

"ಹಾಲೆಲ್ಲ ಚೆಲ್ಲಿತ್ತು."

"ಆಟದಾಗ ಚೆಲ್ಲತೈತಿ," ಅಂದ ಭೀಮಶಿ. ಆಮೇಲೆ ಸ್ವಲ್ಪ ದನಿ ಇಳಿಸಿದ. "ಕಟ್ಟಿದ್ರ ಅಳತೈತ್ರಿ ಸ್ವಾಮ್ಯಾರ. ನನಗ ನೋಡಾಕ ಆಗಂಗಿಲ್ಲ. ಆದ್ರ ಒಂದ ಮಾತು. ಹಾಲಿನವನ ಬೆನ್ನು ಒಂದಿನ ಹತ್ತಿತು, ಬಿಡ್ತು. ದಿನಾ ತಪ್ಪದ ಎದ್ದು ಹೋಗೂದು ನಿಮ್ಮ ಒಬ್ಬರ ಕಡೆ. ಯಾಕ ಅಂತ ನನಗೂ ಬಗಿಹರಿದಿಲ್ಲ."

ಸೋಮಲಿಂಗ ತಿರುಗಿ ಬಂದು ಇಷ್ಟನ್ನೂ ಒಪ್ಪಿಸಿದ. ಅಜ್ಜಾರು ನೆಟ್ಟಗೆ ಕುಳಿತರು. ಅವರ ಕಣ್ಣು ಹೊಳೆಯಿತು.

"ನಿನ್ನ ಒಬ್ಬನ ಕಡೆ! ಭಾಳ ಚಲೋ ಸುದ್ದಿ ತಂದಿ. ಅದು ಓಡಿ ಬರುವಾಗ ಬಾಲ ಹೆಂಗಿರತೈತಿ?"

"ಓಡೂದು ಬಿಟ್ಟು ಬಾಲ ಯಾರು ನೋಡ್ತಾರ್ರಿ?"

"ನಾಳೆ ನೋಡು."

ಮರುದಿನ ಸೋಮಲಿಂಗ ಭೀಮಶಿಯ ಬೇಲಿಗೆ ಬೆನ್ನು ಹಚ್ಚಿ ನಿಂತು, ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡಿದ. ಜೋಳಿಗೆಗೆ ಹಾಕಿದ ತೇಪೆ ಕಿತ್ತು ಬಂತು. ಆದರೂ ನೋಡಿದ.

"ಅಲ್ಲಾಡತೈತ್ರಿ ಅಜ್ಜಾರ! ಬಾಲ ಅಲ್ಲಾಡತೈತಿ!"

"ಹಂಗಾರ ಅದು ಕಡಿಯಾಕ ಬರಾಕತ್ತಿಲ್ಲ."

"ಮತ್ತ್ಯಾಕ ಬರತೈತ್ರಿ?"

"ನನಗ ಹೆಂಗ ಗೊತ್ತು? ನಾ ಅದರ ಗುರು ಅಲ್ಲ," ಅಂದರು ಅಜ್ಜಾರು. "ಅದು ನಿನ್ನ ಹೆಂಗ ಗುರುತು ಹಿಡೀತೈತಿ, ಅದನ್ನ ಹುಡುಕು."

ಈಗ ಸೋಮಲಿಂಗನಿಗೂ ಒಳಗೊಳಗೆ ಹುರುಪು ಬಂತು. ಅಂದು ಮಧ್ಯಾಹ್ನ ಅದೇ ಕಾವಿ ಉಟ್ಟು, ಜೋಳಿಗೆ ಗಂಟೆ ಎರಡನ್ನೂ ಬಿಟ್ಟು, ಭೀಮಶಿಯ ಮನೆ ಮುಂದೆ ನಡೆದು ಹೋದ. ಪೈಲ್ವಾನ ಒಂದು ಕಣ್ಣು ತೆರೆದು ನೋಡಿ ಮುಚ್ಚಿಕೊಂಡಿತು.

ಜೋಳಿಗೆ ಹಾಕಿಕೊಂಡು ಹೋದ. ಈ ಸಲ ಕಣ್ಣನ್ನೂ ತೆರೆಯಲಿಲ್ಲ.

ಕೊನೆಗೆ ಬೇಲಿಯ ಹಿಂದೆ ಕುಳಿತು, ಬರೀ ಗಂಟೆಯನ್ನು ಒಂದೇ ಒಂದು ಸಲ ಆಡಿಸಿದ. ಪೈಲ್ವಾನ ಚಿಮ್ಮಿ ಎದ್ದಿತು. ಸೋಮಲಿಂಗ ಕಾವಿ ಮೇಲೆತ್ತಿಕೊಂಡು ಹೊಳೆಯ ತನಕ ಓಡಿದ.

ಏದುಸಿರು ಬಿಡುತ್ತ ಬಂದವನ ಮುಖದಲ್ಲಿ ಟಿಕೆಟ್ ಇಲ್ಲದವನನ್ನು ಹಿಡಿದಷ್ಟು ಸಂತೋಷ.

"ಗಂಟಿರಿ ಅಜ್ಜಾರ! ಅದಕ್ಕ ನಾನೂ ಬ್ಯಾಡ, ಜೋಳಿಗಿನೂ ಬ್ಯಾಡ. ಗಂಟಿ ಕೇಳಿ ಬರತೈತಿ!"

"ಭಲೇ!" ಅಜ್ಜಾರು ತೊಡೆ ತಟ್ಟಿಕೊಂಡರು. "ಗಂಟಿ ಕೇಳಿದ್ರ ಅದಕ್ಕ ಏನು ಸಿಗತೈತಿ?"

ಸೋಮಲಿಂಗನ ಸಂತೋಷ ಥಟ್ಟನೆ ಇಳಿಯಿತು.

"ಏನು ಸಿಗತೈತ್ರಿ... ಏನೂ ಇಲ್ಲ."

ಅಜ್ಜಾರು ಅವನ ಮುಖ ನೋಡಿದರು.

"ಏನೂ ಸಿಗದ ಜಾಗಕ್ಕ ದಿನಾ ಯಾರೂ ಬರಂಗಿಲ್ಲ. ಇನ್ನಷ್ಟು ನೋಡು."

ನೋಡುವುದು ಇನ್ನೇನೂ ಉಳಿದಿರಲಿಲ್ಲ. ಉತ್ತರ ಸೋಮಲಿಂಗನಿಗೆ ಗೊತ್ತಿತ್ತು.

ಎರಡು ತಿಂಗಳ ಹಿಂದೆ, ನಾಯಿ ಮೊದಲ ಸಲ ಬೊಗಳಿದ ದಿನ, ತುಂಬಿದ ಜೋಳಿಗೆ ಹೊತ್ತು ತಿರುಗಿ ಬರುತ್ತಿದ್ದ. ಬಾಯಿ ತೆರೆದು ಹಚಾ ಅನ್ನುವಂತಿಲ್ಲ. ಕೈಗೆ ಸಿಕ್ಕ ರೊಟ್ಟಿಯನ್ನು ದೂರ ಎಸೆದು, ನಾಯಿ ಅತ್ತ ಹೋದಾಗ ಇವನು ಇತ್ತ ಓಡಿದ. ಮರುದಿನವೂ ಹಾಗೇ ಮಾಡಿದ. ಕ್ರಮೇಣ ಹೋಗುವಾಗ ಎಸೆಯಲು ಹಿಂದಿನ ದಿನದ ಒಂದು ರೊಟ್ಟಿ ಎತ್ತಿಡತೊಡಗಿದ. ಜೀವದಯೆ ಅಂತ ಅದಕ್ಕೊಂದು ಹೆಸರನ್ನೂ ಇಟ್ಟುಕೊಂಡ. ಒಂದು ಬೆಳಿಗ್ಗೆ ಎತ್ತಿಡಲು ರೊಟ್ಟಿ ಉಳಿದಿರಲಿಲ್ಲ. ಅಂದೇ ಜೋಳಿಗೆ ಹರಿದದ್ದು.

ಇದನ್ನು ಗುರುಗಳ ಮುಂದೆ ಹೇಗೆ ಹೇಳುವುದು? ಭಿಕ್ಷೆಯ ರೊಟ್ಟಿಯನ್ನು ಲಂಚ ಕೊಟ್ಟೆ ಅಂತ ಹೇಳುವುದೇ?

ಅವನು ಹೇಳಲಿಲ್ಲ. ಬದಲಿಗೆ ಒಂದು ಉಪಾಯ ಹೂಡಿದ. ನಾಯಿ ಗಂಟೆ ಕೇಳಿ ಬರುತ್ತದೆ. ಗಂಟೆ ಕೇಳದಿದ್ದರೆ ಬರುವುದಿಲ್ಲ. ಇಷ್ಟು ಸರಳ.

ಹೆಗಲ ಮೇಲಿನ ಶಲ್ಯದ ಅಂಚಿನಿಂದ ಒಂದು ಗೇಣು ಬಟ್ಟೆ ಹರಿದು, ಗಂಟೆಯ ನಾಲಿಗೆಗೆ ಬಿಗಿಯಾಗಿ ಸುತ್ತಿದ. ಅಲ್ಲಾಡಿಸಿ ನೋಡಿದ. ದಿಂಬಿಗೆ ಗುದ್ದಿದ ಹಾಗೆ ಸದ್ದು.

ಬೆಳಿಗ್ಗೆ ಭೀಮಶಿಯ ಮನೆ ಮುಂದೆ ತುದಿಗಾಲಲ್ಲಿ ನಡೆದ. ಪೈಲ್ವಾನ ಬಣವೆಯ ಬುಡದಲ್ಲಿ ಗೊರಕೆ ಹೊಡೆಯುತ್ತಿತ್ತು. ಎರಡು ತಿಂಗಳಲ್ಲಿ ಮೊದಲ ಸಲ ಸೋಮಲಿಂಗ ಆ ಹಾದಿಯ ಬೇಲಿಯಲ್ಲಿ ಹಳದಿ ಹೂ ಇರುವುದನ್ನು ಕಂಡ.

ಬಾಳವ್ವನ ಬಾಗಿಲು ಮುಚ್ಚಿತ್ತು. ಒಳಗೆ ಮಗ್ಗ ಟಕಟಕ ಅನ್ನುತ್ತಿತ್ತು. ಅವನು ಗಂಟೆ ಆಡಿಸಿದ. ಗುಬ್, ಗುಬ್. ಮಗ್ಗ ನಿಲ್ಲಲಿಲ್ಲ.

ಬಟ್ಟೆ ಬಿಚ್ಚಿದರೆ ಮುಗಿಯುತ್ತಿತ್ತು. ಹಿಂತಿರುಗಿ ನೋಡಿದ. ಮೂವತ್ತು ಹೆಜ್ಜೆ ಹಿಂದೆ ಬಣವೆ, ಬಣವೆಯ ಬುಡದಲ್ಲಿ ಒಂದು ಬಾಲ.

ಮನಸ್ಸಿನಲ್ಲೇ ಹತ್ತರ ತನಕ ಎಣಿಸಿದ. ಬರದಿದ್ದರೆ ಭಿಕ್ಷೆ ಇಲ್ಲ, ಅದೇ ನಿಯಮ, ಅಂದುಕೊಂಡ. ಅವಳು ಉಂಡಿರುತ್ತಾಳೆ, ಇಷ್ಟೊತ್ತು ಯಾರು ಕಾಯುತ್ತಾರೆ ಅಂತಲೂ ಅಂದುಕೊಂಡ. ಮುಂದೆ ನಡೆದು, ದೊಡ್ಡ ಹುಣಸೆಮರ ದಾಟಿದ ಮೇಲೆ ಬಟ್ಟೆ ಬಿಚ್ಚಿದ. ಉಳಿದ ನಾಲ್ಕು ಮನೆಗಳ ಮುಂದೆ ಗಂಟೆ ಚೆನ್ನಾಗಿ ಕೇಳಿಸಿತು.

ಅಜ್ಜಾರು ಜೋಳಿಗೆ ಬಿಚ್ಚಿ ನೋಡಿದರು.

"ಎಳ್ಳಿನ ರೊಟ್ಟಿ ಇಲ್ಲಲ್ಲ?"

"ಬಾಳವ್ವ ಬಾಗಿಲಿಗೆ ಬರಲಿಲ್ರಿ."

ಸುಳ್ಳಲ್ಲ. ಒಂದಕ್ಷರವೂ ಸುಳ್ಳಲ್ಲ. ಕಂಡಕ್ಟರ್ ಆಗಿದ್ದಾಗ ಇಂಥ ಮಾತನ್ನು ಅವನೇ ನೂರು ಸಲ ಹಿಡಿದು ಹಾಕಿದ್ದ.

"ಮೈಯಾಗ ಹುಷಾರಿಲ್ಲೋ ಏನೋ. ನಾಳೆ ನೋಡು," ಅಂದರು ಅಜ್ಜಾರು.

ಮರುದಿನವೂ ಎಳ್ಳಿನ ರೊಟ್ಟಿ ಇಲ್ಲ.

"ಇವತ್ತೂ ಬರಲಿಲ್ಲೇನು?"

"ಇಲ್ರಿ."

"ನಾಯಿ?"

"ಅದೂ ಬರಲಿಲ್ರಿ."

"ಇಬ್ಬರೂ ಕೂಡೇ ನಿಂತರಲ್ಲ!" ಅಜ್ಜಾರು ತಲೆ ಕೆರೆದುಕೊಂಡರು. "ಇದು ಏನೋ ಐತಿ."

ಮೂರನೆಯ ದಿನ ಕೇಳಿದರು. ನಾಲ್ಕನೆಯ ದಿನ ಕೇಳಲಿಲ್ಲ, ಶಲ್ಯದ ಹರಿದ ಅಂಚನ್ನು ನೋಡಿದರು. ಐದನೆಯ ದಿನ ರೊಟ್ಟಿ ಮುರಿದು ಬಾಯಿಗೆ ಇಡುವವರು ಹಾಗೇ ಕೆಳಗಿಟ್ಟರು.

"ನಾಳೆ ನಾನ ಬರ್ತೀನಿ," ಅಂದರು.

ನಾಳೆಯ ತನಕ ಕಾಯಬೇಕಾಗಲಿಲ್ಲ. ಅಂದೇ ಹೊತ್ತು ಇಳಿಯುವ ಮುಂಚೆ ಭೀಮಶಿ ಬಂದ. ಕೈಯಲ್ಲಿ ನುಲಿಹಗ್ಗ, ಹಗ್ಗದ ತುದಿಯಲ್ಲಿ ಪೈಲ್ವಾನ. ಹಗ್ಗ ಕಂಡರಿಯದ ನಾಯಿ ಎಳೆದೂ ಎಳೆದೂ ಕೊರಳು ಕೆಂಪು ಮಾಡಿಕೊಂಡಿತ್ತು. ಭೀಮಶಿಯ ಕಣ್ಣೂ ಕೆಂಪಗಿತ್ತು.

ಸೋಮಲಿಂಗ ಕಂಬದ ಹಿಂದೆ ಸರಿದ.

"ಅಜ್ಜಾರ, ಇದನ್ನ ಹೊಳಿ ಆಚೆ ಗುಡ್ಡದಾಗ ಬಿಟ್ಟು ಬರಾಕ ಹೊಂಟೀನ್ರಿ. ಬಿಡೂಕಿಂತ ಮೊದಲ ನಿಮ್ಮ ಕಾಲಿಗೆ ಬೀಳೂಣು ಅಂತ ಬಂದೆ."

"ಏನಾತು?"

"ಬಾಳಕ್ಕ ಮಗ್ಗದ ಮ್ಯಾಲ ಬಿದ್ದಿದ್ಲು. ಮಗ್ಗದ ಸಪ್ಪಳಾ ನಿಂತು ಭಾಳ ಹೊತ್ತಾಗಿತ್ತು. ಯಾಕ ಅಂತ ಹೋಗಿ ನೋಡಿದ್ರ ಮೈಯೆಲ್ಲ ಬೆವತು, ಎಚ್ಚರ ಇಲ್ಲ. ಎತ್ತಿಕೊಂಡು ದವಾಖಾನಿಗೆ ಒಯ್ದೆ. ಸಕ್ಕರಿ ರೋಗದ ಗುಳಿಗಿ ನುಂಗ್ಯಾಳ, ಊಟ ಮಾಡಿಲ್ಲ. ಇನ್ನೊಂದು ತಾಸು ತಡಾ ಆಗಿದ್ರ ಕಷ್ಟಿತ್ತು ಅಂದ್ರು ಡಾಕ್ಟ್ರು."

"ಈಗ?"

"ಈಗ ಎಚ್ಚರ ಆಗಿ ಮನಿಗೆ ಬಂದಾಳ್ರಿ. ಮಲಗ್ಯಾಳ."

ಅಜ್ಜಾರು ಒಂದು ಉಸಿರು ಬಿಟ್ಟರು. "ಯಾಕ ಊಟ ಮಾಡಿರಲಿಲ್ಲ?"

"ಭಿಕ್ಷೆ ಹಾಕದ ಹೆಂಗ ಉಣ್ತಾಳ್ರಿ ಆಕಿ? ಐದು ದಿನ ಆತಂತ, ಹೊತ್ತು ನೆತ್ತಿ ದಾಟೂ ತನಕ ಕಾದು, ಆ ರೊಟ್ಟಿ ಆಕಳಿಗೆ ಹಾಕಿ, ಆಮ್ಯಾಲ ಒಂದು ತುತ್ತು ತಿಂದಾಳ. ಇವತ್ತು ಅಷ್ಟರಾಗ ಬಿದ್ಲು." ಭೀಮಶಿ ಮೂಗು ಒರೆಸಿಕೊಂಡ. "ನನ್ನ ಮನಿ ಮುಂದ ಗಂಟಿ ಸುಮ್ಮನ ಆಗತೈತಿ, ಹುಣಸಿಮರ ದಾಟಿದ ಮ್ಯಾಲ ಮತ್ತ ಬಾರಸತೈತಿ, ಅಜ್ಜಾರಿಗೆ ನನ್ನ ಮನಿ ರೊಟ್ಟಿ ಬ್ಯಾಡಾಗೇತಿ, ನಾ ಏನ ತಪ್ಪು ಮಾಡೀನೋ ಅಂತ ದವಾಖಾನ್ಯಾಗ ಅಳಾಕತ್ತಿದ್ಲು."

ಕಂಬದ ಹಿಂದೆ ಸೋಮಲಿಂಗ ಶಲ್ಯದ ಹರಿದ ಅಂಚನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ.

"ಆಗ ನನಗ ತಿಳೀತ್ರಿ," ಅಂದ ಭೀಮಶಿ. "ಈ ಹಲ್ಕಟ್ ನಾಯಿಗೆ ಅಂಜಿ ಸ್ವಾಮ್ಯಾರು ಆಕಿ ಮನಿ ಬಿಟ್ಟು, ಸುತ್ತಹಾಕಿ ಹೋಗಾಕತ್ತಾರ. ಅವರು ಹೇಳಿದ್ರು ಕಟ್ಟು ಅಂತ. ನಾ ಕೇಳಲಿಲ್ಲ. ತಪ್ಪು ನಂದ, ಅನುಭವಿಸೂದು ಇದು."

ಅವನು ಹಗ್ಗ ಜಗ್ಗಿದ. ನಾಯಿ ನಾಲ್ಕೂ ಕಾಲು ನೆಲಕ್ಕೆ ಊರಿ ನಿಂತಿತು. ಅದು ಭೀಮಶಿಯನ್ನು ನೋಡಲಿಲ್ಲ. ಕಂಬದ ಕಡೆ ನೋಡಿ ಬಾಲ ಅಲ್ಲಾಡಿಸಿತು.

ಸೋಮಲಿಂಗ ಸುಮ್ಮನಿದ್ದರೆ ಸಾಕಿತ್ತು. ನಾಯಿ ಗುಡ್ಡ ಸೇರುತ್ತಿತ್ತು, ಹಾದಿ ಸಲೀಸಾಗುತ್ತಿತ್ತು, ಬಾಳವ್ವ ಸುಧಾರಿಸಿಕೊಳ್ಳುತ್ತಿದ್ದಳು. ಯಾರೂ ಏನೂ ಕೇಳುತ್ತಿರಲಿಲ್ಲ. ಸುಮ್ಮನಿರುವುದನ್ನು ಆ ಆಶ್ರಮದಲ್ಲಿ ಅವನು ಒಂದೂವರೆ ವರ್ಷದಿಂದ ಅಭ್ಯಾಸವನ್ನೂ ಮಾಡಿದ್ದ.

ಅವನು ಕಂಬದ ಹಿಂದಿನಿಂದ ಈಚೆ ಬಂದ.

"ಭೀಮಶಿ ಅಣ್ಣಾ, ನಿಂದರು. ನಾ ಸುತ್ತಹಾಕಿ ಹೋಗಿಲ್ಲ. ಬಾಳವ್ವನ ಬಾಗಿಲಿಗೆ ಐದೂ ದಿನ ಹೋಗೀನಿ."

"ಹೋಗೀರಿ? ಮತ್ತ ಗಂಟಿ?"

ಸೋಮಲಿಂಗ ಒಳಗೆ ಹೋಗಿ ಗಂಟೆ ತಂದು ಅಜ್ಜಾರ ಮುಂದಿಟ್ಟ. ನಾಲಿಗೆಗೆ ಕಾವಿ ಬಟ್ಟೆ ಸುತ್ತಿದ ಹಾಗೇ ಇತ್ತು. ಅಂದು ತಿರುಗಿ ಬರುವಾಗ ಮತ್ತೆ ಸುತ್ತಿದ್ದನ್ನು ಬಿಚ್ಚಿರಲಿಲ್ಲ.

"ನಾಯಿಗೆ ಕೇಳಬಾರದು ಅಂತ ಕಟ್ಟಿದ್ನಿ. ಆಕಿಗೂ ಕೇಳಂಗಿಲ್ಲ ಅನ್ನೂದು ಗೊತ್ತಿತ್ತು. ಗೊತ್ತಿದ್ದೂ ನಡದು ಹೋದೆ."

ಭೀಮಶಿ ಬಾಯಿ ಬಿಟ್ಟುಕೊಂಡು ನಿಂತ.

"ಇನ್ನೂ ಐತಿ," ಅಂದ ಸೋಮಲಿಂಗ. ಈಗ ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. "ಈ ನಾಯಿಗೆ ಇದನ್ನ ಕಲಿಸಿದಾಂವ ನಾನ. ಅಜ್ಜಾರು ಕೇಳಿದ್ರು, ಗಂಟಿ ಕೇಳಿದ್ರ ಅದಕ್ಕ ಏನು ಸಿಗತೈತಿ ಅಂತ. ರೊಟ್ಟಿ ಸಿಗತೈತಿ. ಎರಡು ತಿಂಗಳಿಂದ ಭಿಕ್ಷೆದ ರೊಟ್ಟಿ ಹಾಕೀನಿ. ಜೀವದಯೆ ಅಂತ ತಿಳಕೊಂಡಿದ್ನಿ."

ಅಜ್ಜಾರು ಗಂಟೆಯನ್ನು ಕೈಗೆ ತೆಗೆದುಕೊಂಡರು.

"ನಿಂತು ಹಾಕಿದ್ಯೋ, ಓಡಿಕೋತ ಹಾಕಿದ್ಯೋ?"

"ಓಡಿಕೋತ್ರಿ."

"ಹಂಗಾರ ದಯೆ ಅಲ್ಲ ಬಿಡು."

ಅವರು ಗಂಟೆಯನ್ನು ತೊಡೆಯ ಮೇಲಿಟ್ಟುಕೊಂಡು ಬಟ್ಟೆಯ ಗಂಟು ಬಿಚ್ಚತೊಡಗಿದರು. ಬಿಗಿಯಾಗಿತ್ತು. ಮುದಿ ಬೆರಳಿಗೆ ತಡವಾಯಿತು. ಸೋಮಲಿಂಗ ಕೈ ಚಾಚಿದ, ಅವರು ಕೊಡಲಿಲ್ಲ.

ಬಿಚ್ಚಿದ ಬಟ್ಟೆ ಹಿಡಿದು ಎದ್ದು, ನಾಯಿಯ ಹತ್ತಿರ ಕುಳಿತರು. ನುಲಿಹಗ್ಗ ಸಡಿಲಿಸಿ, ಅದರ ಕೆಂಪಾದ ಕೊರಳಿಗೆ ಆ ಬಟ್ಟೆ ಸುತ್ತಿ, ಮೇಲೆ ಹಗ್ಗ ಕಟ್ಟಿದರು. ನಾಯಿ ಅವರ ಮೊಣಕೈ ನೆಕ್ಕಿತು.

"ಭೀಮಶಿ, ನೀ ಕಟ್ಟೂದನ್ನ ಬಿಟ್ಟಿ. ಇಂವ ಬಿಡೂದನ್ನ ಕಟ್ಟಿದ. ನಾ ಎಳ್ಳಿಲ್ಲದ ರೊಟ್ಟಿ ಐದು ದಿನ ಕುಂತು ತಿಂದೆ. ಇದನ್ನ ಒಂದನ್ನ ಹೊಳಿ ಆಚೆ ಬಿಟ್ರ ಮುಗೀತೇನು?"

ಭೀಮಶಿ ತಲೆ ತಗ್ಗಿಸಿದ.

"ನಾಳಿಂದ ಗಂಟಿ ಕೇಳಿದ ಕೂಡಲೆ ಈ ಹಗ್ಗ ನಿನ್ನ ಕೈಯಾಗ ಇರಬೇಕು."

"ಅಜ್ಜಾರ, ಅದು ಏನೂ ಮಾ..." ಅಂದವನು ನಾಲಿಗೆ ಕಚ್ಚಿಕೊಂಡ. "ಆತ್ರಿ. ಇರತೈತಿ."

"ಅಳತೈತಿ."

"ಅಳಲಿ ಬಿಡ್ರಿ. ನಾ ಬಾಜೂಕ ಕುಂದರ್ತೀನಿ."

ಸೋಮಲಿಂಗ ಗುರುಗಳ ಕಾಲು ಹಿಡಿದ. "ನನಗೇನು ಶಿಕ್ಷಾ ಹೇಳ್ರಿ."

"ಶಿಕ್ಷಾ ಕೊಡಾಕ ಇದು ಪೊಲೀಸ್ ಠಾಣೆ ಏನು? ಹೋಗಿ ಬಾಳವ್ವಗ ಹೇಳಿ ಬಾ."

"ಭಿಕ್ಷೆಕ್ಕ ಹೋದಾಗ ಮಾತಾಡೂಹಂಗಿಲ್ಲಲ್ರಿ."

"ಜೋಳಿಗಿ ಬಿಟ್ಟು ಹೋಗು."

ಅವನು ಬರಿಗೈಯಲ್ಲಿ ಹೋದ.

ಬಾಳವ್ವ ಹೊರಸಿನ ಮೇಲೆ ಗೋಡೆಗೆ ಒರಗಿದ್ದಳು. ಸೂಜಿ ಚುಚ್ಚಿದ ಕೈಗೆ ಹತ್ತಿ ಅಂಟಿಸಿತ್ತು. ಅವನು ಹೊಸ್ತಿಲಾಚೆಯೇ ನಿಂತು ಎಲ್ಲ ಹೇಳಿದ. ಅವಳು ಕೇಳಿದಳು. ಹೋಗಲಿ ಬಿಡಿ ಅಂತ ಅವಳು ಅನ್ನಲಿಲ್ಲ.

"ನಿಮ್ಮ ಮನಿ ತಪ್ಪೇನೂ ಇಲ್ಲವ್ವಾ," ಅಂದ ಕೊನೆಗೆ.

"ಐದು ದಿನ ನಾ ನನ್ನ ತಪ್ಪು ಹುಡುಕೀನ್ರಿ ಸ್ವಾಮ್ಯಾರ. ಲಾಳಿ ಅತ್ತ ಹೋದ್ರ ಒಂದು ತಪ್ಪು ನೆನಪಾಗೂದು, ಇತ್ತ ಬಂದ್ರ ಇನ್ನೊಂದು. ಸತ್ತ ಅತ್ತಿಗೆ ಎದುರು ಮಾತಾಡಿದ್ದು, ಎಂದೋ ಭಿಕ್ಷೆಕ್ಕ ಹಳಸಿದ ರೊಟ್ಟಿ ಹಾಕಿದ್ದು. ಮೂವತ್ತು ವರ್ಷದ್ದೆಲ್ಲ ತೆಗೆದು ನೋಡೀನಿ. ನಾಯಿ ಒಂದು ನೆನಪಾಗಲಿಲ್ಲ ನೋಡ್ರಿ."

ಸೋಮಲಿಂಗ ಅತ್ತುಬಿಟ್ಟ. ಹನ್ನೊಂದು ವರ್ಷ ಬಸ್ಸಿನ ಬಾಗಿಲಲ್ಲಿ ನಿಂತ ಗಂಡಸು, ಹೊಸ್ತಿಲ ಆಚೆ ನಿಂತು ಮಗುವಿನ ಹಾಗೆ ಅತ್ತ.

ಅವಳು ಅಳಲು ಬಿಟ್ಟಳು. ಆಮೇಲೆ ಕೇಳಿದಳು, "ನಾಯಿಗೆ ಅಂಜತೀನಿ ಅಂತ ಒಂದ ಮಾತು ಅಂದಿದ್ರ, ನಾನ ತಿರುವಿನ ತನಕ ಬಂದು ರೊಟ್ಟಿ ಕೊಡತಿದ್ದಿಲ್ಲೇನು?"

ಅವನು ಮುಂಗೈಯಿಂದ ಕಣ್ಣೊರೆಸಿಕೊಂಡ.

"ನಾಳೆ ಬರ್ರಿ," ಅಂದಳು ಬಾಳವ್ವ. "ಗಂಟಿ ಕೇಳುಹಂಗ ಬರ್ರಿ."

ಬೆಳಿಗ್ಗೆ ಸೋಮಲಿಂಗ ಗಂಟೆ ಹಿಡಿದು ಹೊರಟ. ತಿರುವು ಬರುವ ಮುಂಚೆಯೇ ಅದನ್ನು ಜೋರಾಗಿ ಆಡಿಸಿದ. ಹೊಲದ ಮನೆಯಿಂದ ಭೀಮಶಿ ಧೋತರ ಎತ್ತಿಕೊಂಡು ಓಡಿ ಬಂದು, ಗೂಟಕ್ಕೆ ಕಟ್ಟಿದ ಹಗ್ಗವನ್ನು ಎರಡು ಸುತ್ತು ಕೈಗೆ ಸುತ್ತಿಕೊಂಡ. ಪೈಲ್ವಾನ ಹಿಂಗಾಲ ಮೇಲೆ ನಿಂತು ಹಗ್ಗ ಜಗ್ಗಿ, ಊರೆಲ್ಲ ಕೇಳುವ ಹಾಗೆ ಅತ್ತಿತು. ಭೀಮಶಿ ಅದರ ಬಾಜು ಕುಳಿತು ಬೆನ್ನು ಸವರಿದ. ಕೊರಳ ಕಾವಿ ಬಟ್ಟೆ ಇಬ್ಬನಿಗೆ ಒದ್ದೆಯಾಗಿತ್ತು.

ಸೋಮಲಿಂಗ ಓಡಲಿಲ್ಲ. ಓಡಬೇಕು ಅನ್ನಿಸಿದ್ದು ನಿಜ.

ಬಾಳವ್ವನ ಮಗ್ಗ ದೂರದಿಂದಲೇ ನಿಂತದ್ದು ಅವನಿಗೆ ಕೇಳಿಸಿತು. ಅವನು ಬಾಗಿಲು ಮುಟ್ಟುವ ಮುಂಚೆ ಅವಳು ಗೋಡೆ ಹಿಡಿದುಕೊಂಡು ಹೊಸ್ತಿಲಿಗೆ ಬಂದಿದ್ದಳು. ತೇಪೆ ಹಾಕಿದ ಜೋಳಿಗೆಯಲ್ಲಿ ಎಳ್ಳಿನ ರೊಟ್ಟಿ ಬಿತ್ತು. ಇನ್ನೂ ಬಿಸಿ ಇತ್ತು.

ಅವಳು ಒಳಗೆ ಹೋದಳು. ಸೋಮಲಿಂಗ ಕದಲಲಿಲ್ಲ. ಒಳಗೆ ತಾಟು ಇಟ್ಟುಕೊಂಡ ಸದ್ದು, ರೊಟ್ಟಿ ಮುರಿದ ಸದ್ದು ಕೇಳಿದ ಮೇಲೆ ಮುಂದಿನ ಮನೆಗೆ ನಡೆದ.

ಆಶ್ರಮದಲ್ಲಿ ಅಜ್ಜಾರು ಎಳ್ಳಿನ ರೊಟ್ಟಿಯನ್ನು ಎರಡು ಭಾಗ ಮಾಡಿ ಒಂದನ್ನು ಅವನಿಗೆ ಕೊಟ್ಟರು. ಅವನು ತಿನ್ನಲಿಲ್ಲ.

"ಅಜ್ಜಾರ, ನಾಳಿಂದ ಭಿಕ್ಷೆಕ್ಕ ಬ್ಯಾರೆ ಯಾರನ್ನರೆ ಕಳಸ್ರಿ."

"ಯಾಕ? ನಾಯಿ ಹಗ್ಗದಾಗ ಇರಲಿಲ್ಲೇನು?"

"ಇತ್ರಿ. ಭೀಮಶಿ ಹಿಡಕೊಂಡಿದ್ದ."

"ಬಾಳವ್ವ?"

"ಉಂಡಳ್ರಿ. ಕೇಳಿ ಬಂದೆ."

"ಮತ್ತ?"

"ನನ್ನ ಅಂಜಿಕಿ ಹೋಗಿಲ್ರಿ. ಎಲ್ಲಾ ಹೇಳಿದ ಮ್ಯಾಲ ಹೋಗತೈತಿ ಅಂತ ತಿಳದಿದ್ನಿ. ತಿರುವು ಬಂತು ಅಂದ್ರ ಇವತ್ತೂ ಗಂಟಿ ಹಿಡಿದ ಕೈ ಗಡಗಡ ನಡುಗತೈತಿ. ನೋಡ್ರಿ, ಈಗ ನೆನೆಸಿಕೊಂಡ್ರೂ ನಡುಗತೈತಿ. ಇಂಥಾ ಕೈಯಾಗ ಗಂಟಿ ಹಿಡೀಬೇಕೇನ್ರಿ?"

ಅಜ್ಜಾರು ಆ ಕೈಯನ್ನು ಕುತೂಹಲದಿಂದ ನೋಡಿದರು. ಪಕ್ಕದಲ್ಲಿದ್ದ ಗಂಟೆಯನ್ನು ಎತ್ತಿ ಅದರೊಳಗೆ ಇಟ್ಟರು.

"ನಡುಗಲಿ ಬಿಡೋ ತಮ್ಮಾ. ಅಲ್ಲಾಡದ ಕೈಯಾಗ ಗಂಟಿ ನುಡಿಯಂಗಿಲ್ಲ."